ನನ್ನ ಕಾರ್ಡಿಗೆ ಹಸಿರು ದೀಪ

ಮೊದಲು ದುರ್ಸುನನ ಕಾರ್ಡು. ಕೆಂಪು.
ಕೋಟಿನ ತೋಳಿಗೆ ಉಜ್ಜಿ ಮತ್ತೆ ಇಟ್ಟ.
ಕೆಂಪು.
ಕಾವಲಿನ ಹುಡುಗ ತನ್ನ ಬೂಟು ನೋಡುತ್ತ ಹೇಳಿದ:
‘ರಾತ್ರಿಯೇ ಮೆಸೇಜು ಬಂದಿರಬೇಕಲ್ಲ ಅಣ್ಣ, ನೋಡಲಿಲ್ಲವೆ?’
ನೋಡಿರಲಿಲ್ಲ. ಮಲಗುವ ಮುನ್ನ ಫೋನು ಮುಟ್ಟುವವನಲ್ಲ ಅವನು.
ಲುಲೆಬುರ್ಗಾಸಿನ ಫೆಬ್ರವರಿ. ಸೂರ್ಯಕಾಂತಿಯ ಕೂಳೆಯಷ್ಟೇ ಉಳಿದ
ಬಯಲಿಂದ ಗಾಳಿ ನೇರ ಗೇಟಿಗೇ ಬರುತ್ತದೆ,
ಅದಕ್ಕೂ ಏಳರ ಪಾಳಿ ಇದ್ದ ಹಾಗೆ.

ಆಮೇಲೆ ಸತಿಲ್ಮಿಶ್. ಆಮೇಲೆ ಯೆತೆರ್.
ಆಮೇಲೆ ನಾನು.
ನನ್ನದು ಹಸಿರು.

ನಮ್ಮ ಕಡೆ ಹಳೆಯ ಹೆಸರುಗಳು ಹೀಗೆ:
ಹುಟ್ಟಿದ್ದೆಲ್ಲ ಸತ್ತರೆ ಮುಂದಿನ ಕೂಸಿಗೆ ದುರ್ಸುನ್,
ಅಂದರೆ ‘ನಿಲ್ಲಲಿ’.
ದರ್ಗಾದಲ್ಲಿ ಹರಕೆ ಹೊತ್ತು ಉಳಿಸಿಕೊಂಡರೆ
ಸತಿಲ್ಮಿಶ್, ‘ಮಾರಿದ್ದು’.
ಸಾಲಾಗಿ ಹೆಣ್ಣೇ ಆದರೆ ಐದನೆಯದು ಯೆತೆರ್,
‘ಸಾಕು’.
ಮೂವರನ್ನೂ ನಾವೇ ಆರಿಸಿದ್ದು, ಊಟದ ಹಾಲಿನಲ್ಲಿ,
ಸೂಪಿನ ಪಾತ್ರೆಗೆ ಚೀಟಿ ಹಾಕಿ.
ಕೆಲವು ಚೀಟಿಗೆ ಬೇಳೆ ಅಂಟಿತ್ತು. ಅವನ್ನೂ ಎಣಿಸಿದೆವು.

ಸತಿಲ್ಮಿಶನಿಗೆ ಫೋರ್‌ಮನ್ ಕುರ್ಚಿ ತೋರಿಸಿದ್ದರು.
‘ಹುಟ್ಟಿದಾಗಲೇ ನನ್ನ ಮಾರಿಯಾಗಿದೆ,
ಒಂದೇ ಮಾಲು ಎರಡು ಸಲ ಮಾರಿದರೆ ಮೋಸ ಅಲ್ಲವೆ ಸಾಹೇಬರೆ’
ಅಂದನಂತೆ.
ಈ ಮಾತನ್ನು ಅವನು ಎಲ್ಲರಿಗೂ ಹತ್ತು ಸಲ ಹೇಳಿ
ಬೇಜಾರು ಹಿಡಿಸಿದ್ದೂ ನಿಜ.

ಕಾಗದದಲ್ಲಿ ಬರೆದ ಕಾರಣ: ಉತ್ಪಾದನೆಗೆ ಧಕ್ಕೆ. ನಂಬಿಕೆದ್ರೋಹ.

ಕುಲುಮೆಯ ವಿಷಯ ಹೇಳಬೇಕು ನಿಮಗೆ.
ಗಾಜಿನ ಕುಲುಮೆ ಆರಬಾರದು. ನಮ್ಮದು ಹನ್ನೊಂದು ವರ್ಷದಿಂದ ಆರಿಲ್ಲ.
ಆರಿತೋ, ಒಳಗಿನ ಗಾಜು ಬಂಡೆಗಟ್ಟಿ
ಇಟ್ಟಿಗೆಯನ್ನೇ ಸೀಳುತ್ತದೆ.
ಕೂಲಿಗಾಗಿ ನಾವು ಕೈಕಟ್ಟಿ ಕೂತ ನಾಲ್ಕು ದಿನ
ದುರ್ಸುನ್ ಎರಡೆರಡು ಪಾಳಿ ಅಲ್ಲೇ ನಿಂತ.
‘ಜಗಳ ಒಡೆಯನ ಹತ್ತಿರ, ಬೆಂಕಿಯ ಹತ್ತಿರ ಏನು?’
ಎಡಗಡೆಯ ಹುಬ್ಬು ಸುಟ್ಟುಕೊಂಡ.
ಒಂದೇ ಹುಬ್ಬಿನಲ್ಲಿ ಈಗ ಗೇಟಿನ ಆಚೆ ನಿಂತಿದ್ದಾನೆ.
ಒಳಗೆ ಬೆಂಕಿ ಆರೋಗ್ಯವಾಗಿದೆ.

ನನ್ನ ಕೆಲಸ ತಟ್ಟುವುದು.
ಸಣ್ಣ ನಡುವಿನ ಚಹಾ ಲೋಟಗಳು ಬೆಲ್ಟಿನ ಮೇಲೆ ಬರುತ್ತವೆ,
ಉಗುರಿನಿಂದ ತಟ್ಟಿದರೆ ಒಳ್ಳೆಯದು ಸೊಲ್ಲೆತ್ತುತ್ತದೆ,
ಬಿರುಕು ಬಿಟ್ಟದ್ದು ಕೆಮ್ಮುತ್ತದೆ.
ಆ ದಿನ ತಟ್ಟಿದೆ, ತಟ್ಟಿದೆ. ಪಕ್ಕದ ಕುರ್ಚಿಯಲ್ಲಿ
ಯೆತೆರಳ ಸ್ವೆಟರು ಮಾತ್ರ,
ಜೇಬಿನಲ್ಲಿ ಕುಂಬಳಬೀಜದ ಸಿಪ್ಪೆ.
ಒಂದು ಲೋಟವೂ ಕೆಮ್ಮಲಿಲ್ಲ.
ಗಾಜು ಅಷ್ಟು ಚೆನ್ನಾಗಿತ್ತೋ, ನನ್ನ ಕಿವಿ ಹೋಗಿತ್ತೋ.

ಮನೆಸಾಲದ ಕಂತಿದೆ ಅನ್ನೋಣವೆಂದರೆ
ಅವಳಿಗೂ ಇದೆ. ಒಂದೇ ಬ್ಯಾಂಕು,
ಒಂದೇ ಮಂಗಳವಾರ ಸಹಿ ಹಾಕಿದ್ದು.
ಅವಳಿಗೆ ನಾನು ಜಾಮೀನು, ನನಗೆ ಅವಳು.

ಊಟದ ಹೊತ್ತಿಗೆ ಗೋಡೆಯಾಚೆಯಿಂದ ಕೂಗು ಬಂತು:
ಯೆತೆರ್! ಯೆತೆರ್!
ಕರೆದದ್ದು ಅವಳನ್ನೋ, ಬರೀ ‘ಸಾಕು’ ಅಂದದ್ದೋ,
ನಮ್ಮ ಭಾಷೆಯಲ್ಲಿ ತಿಳಿಯುವುದಿಲ್ಲ.
ಮ್ಯಾನೇಜರಿಗೂ ತಿಳಿಯಲಿಲ್ಲ.
ಎದ್ದು ಹೋಗಿ ಕಿಟಕಿ ಹಾಕಿ ಬಂದ.
ಇಡೀ ಸಾಲು ತಲೆ ತಗ್ಗಿಸಿತು.
ನನ್ನದೂ ತಗ್ಗಿತು, ತಗ್ಗಿದಾಗ ಕಂಡದ್ದು ಸ್ವೆಟರು.
ಮೊಣಕೈ ಹತ್ತಿರ ಬೇರೆ ಬಣ್ಣದ ಉಣ್ಣೆಯಲ್ಲಿ ಹೊಲಿದಿದ್ದಾಳೆ.
ಹೊರಗೆ ಆ ಗಾಳಿ.

ಐದಕ್ಕೆ ಎದ್ದೆ. ಸ್ವೆಟರು ಕೊಟ್ಟು ಬರುವುದು, ಅಷ್ಟೇ,
ಎಂದು ಯಾರಿಗೋ ಹೇಳಿದೆ, ಯಾರೂ ಕೇಳಿರಲಿಲ್ಲ.
ಹೊರಗೆ ಹೋಗುವವರ ಕಾರ್ಡನ್ನು ಗೇಟು ಕೇಳುವುದಿಲ್ಲ.
ತಿರುಗುಗಂಬಿ ಮೆತ್ತಗೆ ತಿರುಗುತ್ತದೆ,
ಆ ಕಡೆಗೆ ಮಾತ್ರ.

ತಗಡಿನ ಡ್ರಮ್ಮಿನಲ್ಲಿ ಬೆಂಕಿ. ಮೂವತ್ತು ಜನ ಇರಬಹುದು.
ಯೆತೆರ್ ಸ್ವೆಟರು ತೊಟ್ಟಳು, ಗುಂಡಿ ಹಾಕಿಕೊಂಡಳು,
ಬಿಸಿ ಚಹಾ ನನ್ನ ಕೈಗಿಟ್ಟಳು.
ನಮ್ಮದೇ ಲೋಟ. ಅಂಚಿನಲ್ಲಿ ಗುಳ್ಳೆ.
ಯಾವಾಗಲೋ ನಾನೇ ಪಾಸು ಮಾಡಿದ್ದು.
‘ಪಾಳಿ ಮುಗೀತಾ?’ ಅಂದಳು.

ಇಲ್ಲ, ಅಂದೆ.
ಇನ್ನೂ ಎರಡು ಗಂಟೆ ಇದೆ.